ಓಟದ ಹಿಂದಿನ ಮನಸ್ಸು: ಗಡಿ ಭಾಗದ ಕಾಲೇಜು ಹುಡುಗರ ವ್ಯಾಯಾಮ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಡಿಗ್ರಿ ಓದುವ ಹುಡುಗ ನಸುಕಿನಲ್ಲೆದ್ದು ಓಡತೊಡಗಿದರೆ, 'ಪೊಲೀಸ್ ನೋಟಿಫಿಕೇಶನ್ ಬಂತೇನು?' ಎಂದು ಕೇಳುವವರೇ ಹೆಚ್ಚು. ಕೇಳುವುದರಲ್ಲಿ ತಪ್ಪೇನಿಲ್ಲ. 2022ರ ತೆಲಂಗಾಣ ಪೊಲೀಸ್ ನೇಮಕಾತಿಯಲ್ಲಿ ಪುರುಷರು 1,600 ಮೀಟರ್ ಓಟವನ್ನು 7 ನಿಮಿಷ 15 ಸೆಕೆಂಡಿನಲ್ಲಿ, ಮಹಿಳೆಯರು 800 ಮೀಟರ್ ಓಟವನ್ನು 5 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ಲಾಂಗ್ ಜಂಪ್, ಶಾಟ್‌ಪುಟ್ ಬೇರೆ. ಇವೆಲ್ಲಕ್ಕೂ ಇಲ್ಲಿನವರ ಬಾಯಲ್ಲಿ ಒಂದೇ ಹೆಸರು, 'ಈವೆಂಟ್ಸ್'. ಗಡಿಯಾಚೆ ಕರ್ನಾಟಕದ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಅದೇ 1,600 ಮೀಟರ್‌ಗೆ 6 ನಿಮಿಷ 30 ಸೆಕೆಂಡು ಮಾತ್ರ.

ಆದರೆ ಈವೆಂಟ್ಸ್ ಮುಗಿದ ಮರುದಿನವೇ ಬೂಟು ಮೂಲೆ ಸೇರುವುದೇಕೆ? ಇದಕ್ಕೆ ಉತ್ತರ ಸ್ನಾಯುವಿನಲ್ಲಿಲ್ಲ, ಮನಸ್ಸಿನಲ್ಲಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ, 1985ರಲ್ಲಿ ಪುಸ್ತಕವಾಗಿ ಬಂದ ಸಿದ್ಧಾಂತದ ಪ್ರಕಾರ ಪ್ರೇರಣೆ ಒಂದೇ ಬಗೆಯದಲ್ಲ. ನೌಕರಿಗಾಗಿ ಓಡುವುದು ಹೊರಗಿನ ಪ್ರೇರಣೆ. 'ಹೊಟ್ಟೆ ಬಂದಿದೆ, ಗೆಳೆಯರು ನಗುತ್ತಾರೆ' ಎಂಬ ನಾಚಿಕೆಯಿಂದ ಜಿಮ್ ಸೇರುವವನ ಒತ್ತಡ ಒಳಗಿನದೇ ಆದರೂ ಅದು ಸಂತೋಷವಲ್ಲ. ಒಂದು ದಿನ ತಪ್ಪಿದರೆ ಮನಸ್ಸು ಚುಚ್ಚುತ್ತದೆ, ನಾಲ್ಕು ದಿನ ತಪ್ಪಿದರೆ ಜಿಮ್ ಕಡೆ ಹೋಗುವುದೇ ಬೇಡವೆನಿಸುತ್ತದೆ. ಆರೋಗ್ಯ ಮುಖ್ಯವೆಂದು ತಾನೇ ಒಪ್ಪಿ ಮಾಡುವವನು ಇವರಿಬ್ಬರಿಗಿಂತ ಮೇಲು. ಆಡುವುದೇ ಖುಷಿ ಎನ್ನುವವನು ವರ್ಷಗಟ್ಟಲೆ ಬಿಡುವುದಿಲ್ಲ. ಸಂಜೆ ವಾಲಿಬಾಲ್, ಕಬಡ್ಡಿಗೆ ಸೇರುವ ಗುಂಪನ್ನು ಯಾವ ನೋಟಿಫಿಕೇಶನ್ ಕರೆಯುತ್ತದೆ?

ಹುಡುಗಿಯರ ಮಾತು ಬೇರೆ. ಅವರಿಗೆ ಮನಸ್ಸಿದ್ದರೂ ಕತ್ತಲೆಯ ರಸ್ತೆ, ನೋಡುವವರ ಕಣ್ಣು, ಮನೆಯವರ ಆತಂಕ ಅಡ್ಡ ಬರುತ್ತವೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಇಬ್ಬರು ಮೂವರು ಗೆಳತಿಯರ ಜೊತೆಯೋ, ಕಾಲೇಜು ಮೈದಾನದಲ್ಲಿ ಅವರಿಗೆಂದೇ ಬಿಟ್ಟ ಹೊತ್ತೋ ಇದ್ದರೆ ಅರ್ಧ ಭಯ ಕಳೆಯುತ್ತದೆ.

'ಹೊಲದಲ್ಲಿ ದುಡಿದರೆ ಅದೇ ವ್ಯಾಯಾಮ' ಎಂಬ ಹಿರಿಯರ ಮಾತೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ದುಡಿಮೆಯನ್ನು ದೈಹಿಕ ಚಟುವಟಿಕೆಯೆಂದೇ ಎಣಿಸುತ್ತದೆ. ಆದರೆ ಬಸ್ಸಿನಲ್ಲಿ ಹೋಗಿ, ಬೆಂಚಿನ ಮೇಲೆ ಕುಳಿತು, ಮೊಬೈಲ್ ಹಿಡಿದು ಮನೆಗೆ ಬರುವ ವಿದ್ಯಾರ್ಥಿಗೆ ಅಪ್ಪನ ಬೆವರು ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ದಿನವೇ ಏದುಸಿರು ಬರುವಂತೆ ಓಡಿದವನಿಗೆ ನೆನಪಿನಲ್ಲಿ ಉಳಿಯುವುದು ಸಂಕಟವೇ. ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ. ಎಂದರೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಸಾಕು. ಜೊತೆಯವನೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ.