ಹೊಸ ಕೀಲಿಗೆ ಸೋಂಕು: ತೆಗೆಯಬೇಕೇ, ಉಳಿಸಬೇಕೇ?

ಶಿವಮೊಗ್ಗ ಜಿಲ್ಲೆಯ ಸೋಗಾನೆ ಸುತ್ತಿನವರು ಮಂಡಿ ಬದಲಿಸಿಕೊಳ್ಳಲು ಶಿವಮೊಗ್ಗಕ್ಕೋ ಘಟ್ಟ ಇಳಿದು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕು. ಮನೆಗೆ ಬಂದ ಮೇಲೆ ಗಾಯ ಒಸರತೊಡಗಿದರೆ ಮೊದಲು ತೋರಿಸುವುದು ಹತ್ತಿರದ ಡಾಕ್ಟರಿಗೆ. ಬದನೆಕಾಯಿ ತಿಂದು ನಂಜಾಯಿತು ಎಂದು ಮನೆಯವರು ಹೇಳುತ್ತಾರೆ. ಐದು ದಿನದ ಮಾತ್ರೆಗೆ ಒಸರು ನಿಂತಂತಾಗಿ ಮತ್ತೆ ಶುರುವಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಬರುವ ಈ ಸೋಂಕಿನ ಚಿಕಿತ್ಸೆಯಲ್ಲಿ ಹೀಗೆ ಕಳೆದುಹೋಗುವ ವಾರಗಳೇ ನಿರ್ಣಾಯಕ.

ಇಂಗ್ಲೆಂಡಿನ ರೈಟಿಂಗ್ಟನ್ನಿನಲ್ಲಿ 1960ರ ದಶಕದಲ್ಲಿ ಸೊಂಟದ ಕೀಲು ಬದಲಿಸುತ್ತಿದ್ದ ಜಾನ್ ಚಾರ್ನ್‌ಲಿಯನ್ನು ಸೋಂಕು ಬಹಳ ಕಾಡಿತು. ಆಪರೇಷನ್ ಥಿಯೇಟರಿನ ಗಾಳಿಯ ಮೇಲೆ ಅವರಿಗೆ ಅನುಮಾನ. ಶುದ್ಧಗಾಳಿಯ ಕೋಣೆ, ಮೈಮುಚ್ಚುವ ಉಡುಪು ತಂದರು; ಸೋಂಕು ಶೇ. 1ರ ಆಸುಪಾಸಿಗೆ ಇಳಿಯಿತು. ಆದರೂ ಸೋಂಕಾದವರಿಗೆ ಕೀಲು ತೆಗೆಯುವುದೇ ಗತಿಯಾಗಿತ್ತು. ಹ್ಯಾಂಬರ್ಗಿನ ಬುಖೋಲ್ಟ್ಸ್ ಕೀಲು ಕೂರಿಸುವ ಸಿಮೆಂಟಿಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿ ಒಂದೇ ಸಲಕ್ಕೆ ಕೀಲು ಬದಲಿಸಿದರು. ಅಮೆರಿಕದ ಇನ್ಸಾಲ್ 1983ರಲ್ಲಿ ಎರಡು ಹಂತದ ದಾರಿ ತೋರಿಸಿದರು: ತೆಗೆದುಹಾಕು, ಆರು ವಾರ ಆ್ಯಂಟಿಬಯಾಟಿಕ್ ಕೊಡು, ಆಮೇಲೆ ಹೊಸದು ಕೂರಿಸು. ಇದು ನಂಬಿಕೆಯ ದಾರಿಯಾಯಿತು. ನಡುವಿನ ವಾರಗಳಲ್ಲಿ ಕೀಲಿಲ್ಲದೆ ಮಲಗಿದವರ ಪಾಡನ್ನು ವರದಿಗಳು ಹೆಚ್ಚು ಹೇಳುವುದಿಲ್ಲ.

ಔಷಧಿಯೊಂದೇ ಏಕೆ ಸಾಲದು? ಲೋಹದ ಮೇಲೆ ಕುಳಿತ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ತನ್ನ ಸುತ್ತ ಅಂಟಂಟಾದ ಪೊರೆ ಕಟ್ಟಿಕೊಳ್ಳುತ್ತದೆ. ವಾರಗಳು ಕಳೆದಂತೆ ಅದು ಬಲಿತು ಔಷಧಿಗೆ ಜಗ್ಗದಂತಾಗುತ್ತದೆ. ಹಾಗಿದ್ದರೆ ಬಲಿಯುವ ಮೊದಲೇ ಹಿಡಿಯಬಹುದಲ್ಲ? ಗಾಯ ಬಿಚ್ಚಿ, ಸತ್ತ ಮಾಂಸ ಕೆರೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದು, ಪ್ಲಾಸ್ಟಿಕ್ ಭಾಗವನ್ನಷ್ಟೇ ಬದಲಿಸಿ ಲೋಹವನ್ನು ಉಳಿಸುವ ವಿಧಾನ ಬೆಳೆದದ್ದು ಹೀಗೆ. ಇದನ್ನು ‘ಡೇರ್’ ಎಂದು ಕರೆಯುತ್ತಾರೆ. 1996ರಲ್ಲಿ ತ್ಸುಕಾಯಾಮಾ ತಂಡ ಶಸ್ತ್ರಚಿಕಿತ್ಸೆಯ ನಾಲ್ಕು ವಾರದೊಳಗಿನದನ್ನು ಈ ವಿಧಾನ ಒಪ್ಪುವ ಆರಂಭಿಕ ಸೋಂಕು ಎಂದು ಬೇರ್ಪಡಿಸಿತು.

ಲೋಹ ಉಳಿಸುವ ವಿಧಾನಕ್ಕೆ ದೊಡ್ಡ ಬಲ ಬಂದದ್ದು 1998ರಲ್ಲಿ. ಸ್ವಿಟ್ಜರ್ಲೆಂಡಿನ ಜಿಮ್ಮರ್ಲಿ ತಂಡ ಸ್ಟ್ಯಾಫಿಲೊಕಾಕಸ್ ಸೋಂಕಿನ 33 ರೋಗಿಗಳಲ್ಲಿ ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್ ಪರೀಕ್ಷಿಸಿತು. ಚಿಕಿತ್ಸೆ ಪೂರೈಸಿದವರಲ್ಲಿ ರಿಫಾಂಪಿಸಿನ್ ಪಡೆದ 12 ಮಂದಿಯೂ ಗುಣವಾದರು, ಉಳಿದ 12ರಲ್ಲಿ 7 ಮಂದಿ ಮಾತ್ರ. ಇಷ್ಟು ಸಣ್ಣ ಅಧ್ಯಯನ ಜಗತ್ತಿನ ಪದ್ಧತಿಯನ್ನೇ ಬದಲಿಸಿತೆನ್ನುವುದು ನನಗೆ ಇಂದಿಗೂ ಅಚ್ಚರಿ. 2020ರ ನಾರ್ವೆಯ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ನಮ್ಮಲ್ಲಿ ರಿಫಾಂಪಿಸಿನ್ ಕ್ಷಯದ ಔಷಧಿಯೂ ಹೌದು. ಒಂಟಿಯಾಗಿ ಕೊಟ್ಟರೆ ಬೇಗ ನಿರೋಧ ಹುಟ್ಟುತ್ತದೆ, ರೋಗಿಗೆ ಕ್ಷಯ ಅಡಗಿದ್ದರಂತೂ ಅಪಾಯ ದೊಡ್ಡದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳ ಶಕ್ತಿಯನ್ನೂ ಕುಗ್ಗಿಸುತ್ತದೆ. ಈ ಔಷಧಿಯಿಂದ ಬರುವ ಕಿತ್ತಳೆ ಬಣ್ಣದ ಮೂತ್ರ ಕಂಡು ಗಾಬರಿಯಾಗಿ ಮಾತ್ರೆ ಬಿಟ್ಟರೂ ಕೆಟ್ಟಿತು.

ಬ್ಯಾಕ್ಟೀರಿಯಾ ಯಾವುದೆಂದು ತಿಳಿಯದೆ ಇವ್ಯಾವುದೂ ನಡೆಯದು. ಅದಕ್ಕೇ ಮಾತ್ರೆಗಿಂತ ಮೊದಲು ಸೂಜಿಯಲ್ಲಿ ಕೀಲಿನ ನೀರು ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಮಾತ್ರೆ ನುಂಗಿದ ಮೇಲೆ ಬೆಳೆಯದ ಕಲ್ಚರ್ ದಾರಿ ತಪ್ಪಿಸುತ್ತದೆ. ಆಪರೇಷನ್ ಆದ ಹೊಸದರಲ್ಲಿ ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಸಹಜವಾಗಿಯೇ ಏರಿರುತ್ತದೆ. ಇಳಿದು ಮತ್ತೆ ಏರಿದರೆ ಎಚ್ಚರ.

ಮಲೆನಾಡಿನವರಿಗೆ ಹೆಚ್ಚು ಉಪಕಾರಿ ಸುದ್ದಿ 2019ರದು. ಮೂಳೆ-ಕೀಲು ಸೋಂಕಿನ 1,054 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದ ಒವಿವಾ ಪ್ರಯೋಗದಲ್ಲಿ ಬಾಯಿಂದ ಕೊಟ್ಟ ಔಷಧಿ ರಕ್ತನಾಳದ ಮೂಲಕ ಕೊಟ್ಟದ್ದಕ್ಕೆ ಕಡಿಮೆಯಾಗಲಿಲ್ಲ. ಎಂದರೆ ವಾರಗಟ್ಟಲೆ ಡ್ರಿಪ್ಪಿಗಾಗಿ ಆಸ್ಪತ್ರೆಯಲ್ಲಿ ಬಿದ್ದಿರಬೇಕಿಲ್ಲ. ಅವಧಿಯಲ್ಲಿ ಮಾತ್ರ ರಿಯಾಯಿತಿಯಿಲ್ಲ: 2021ರ ಫ್ರೆಂಚ್ ಪ್ರಯೋಗದಲ್ಲಿ ಆರು ವಾರ ಪಡೆದವರಲ್ಲಿ ಶೇ. 18, ಹನ್ನೆರಡು ವಾರದವರಲ್ಲಿ ಶೇ. 9 ಮಂದಿಗೆ ಸೋಂಕು ಉಳಿಯಿತು. ಕೀಲು ಉಳಿಸಿಕೊಂಡವರಲ್ಲೇ ಅಂತರ ಹೆಚ್ಚು.

ಖರ್ಚೂ ಸಣ್ಣದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ ಮಿತಿ ಹಾಕಿದಾಗ ಮರುಜೋಡಣೆಯದಕ್ಕೆ 1,13,950 ರೂಪಾಯಿ ಇಟ್ಟಿತು. ಜೊತೆಗೆ ಮಲೆನಾಡಿನಲ್ಲಿ ಕಿರಿಯರಿಗೂ ಹೊಸ ಕೀಲು ಬೇಕಾಗಿಸುವ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯಿದೆ: 1970ರ ದಶಕದಲ್ಲಿ ಬೆಳಕಿಗೆ ಬಂದ ಈ ಆನುವಂಶಿಕ ರೋಗ ಕಿರಿವಯಸ್ಸಿನಲ್ಲೇ ಸೊಂಟದ ಕೀಲು ಸವೆಸುತ್ತದೆ. ಅಂಥವರಿಗೆ ಕೂರಿಸುವ ಕೀಲು ದಶಕಗಳ ಕಾಲ ಬಾಳಬೇಕು. ಆದರೆ ಒವಿವಾ ರೋಗಿಗಳನ್ನು ಗಮನಿಸಿದ್ದು ಒಂದು ವರ್ಷ, ಫ್ರೆಂಚರದು ಎರಡು.