ಜಾಗ ಹುಡುಕಿದ ಕತೆ

ಸಮ್ಮೇಳನವೆಂದರೆ ಭಾಷಣಕಾರರನ್ನು ಹಿಡಿದು ತರುವುದೇ ಕಷ್ಟವೆಂದು ಹೊರಗಿನವರು ತಿಳಿದಿರುತ್ತಾರೆ. ಸಂಘವೊಂದರ ಕಾರ್ಯದರ್ಶಿಯಾಗಿ ಮೂರು ವರ್ಷ ಏಗಿದ ನನಗೆ ಗೊತ್ತು, ನಿಜವಾದ ಕಷ್ಟ ಜಾಗದ್ದು. ಬಾಡಿಗೆ ಎಟುಕಬೇಕು, ರೈಲು ನಿಲ್ಲಬೇಕು, ಊಟ ಒಗ್ಗಬೇಕು, ಊರಿನವರು ಗೊಣಗಬಾರದು. ಒಮ್ಮೆ ನಾವು ಮುಂಗಡ ಕೊಟ್ಟಿದ್ದ ಕಲ್ಯಾಣಮಂಟಪ ಯಾರದೋ ಮದುವೆಯ ಪಾಲಾಗಿ, ಅಕ್ಕಿಗಿರಣಿಯ ಗೋದಾಮಿನಲ್ಲಿ ಅಧ್ಯಕ್ಷರಿಗೆ ಹಾರ ಹಾಕಬೇಕಾಯಿತು. ಅದು ನೆನಪಾದಾಗಲೆಲ್ಲ ಥಿಯೋಡರ್ ಹರ್ಜ್ಲನ ಪಾಡನ್ನು ನೆನೆದು ಸಮಾಧಾನಪಟ್ಟುಕೊಳ್ಳುತ್ತೇನೆ.

ವಿಯೆನ್ನಾದ ಪತ್ರಕರ್ತನಾಗಿದ್ದ ಈತ ಯಹೂದ್ಯರಿಗೊಂದು ಸ್ವಂತ ನೆಲೆ ಬೇಕೆಂದು 1897ರಲ್ಲಿ ಮೊದಲ ಜಿಯೋನಿಸ್ಟ್ ಕಾಂಗ್ರೆಸ್ಸನ್ನು ಕರೆದ. ಅದೇ ಜೂನ್‌ನಲ್ಲಿ ಸ್ವಂತ ಹಣದಿಂದ ವಾರಪತ್ರಿಕೆಯನ್ನೂ ಶುರುಮಾಡಿದ್ದ, ಕೈ ಬರಿದಾಗುತ್ತಿತ್ತು. ಜ್ಯೂರಿಚ್ ಆಗಬಹುದೆಂದರೆ, ಅದು ರಷ್ಯಾದ ಕ್ರಾಂತಿಕಾರಿಗಳ ಬೀಡು, ಅಲ್ಲಿಗೆ ಹೋದರೆ ಝಾರನ ಪೊಲೀಸರ ಕಣ್ಣಿಗೆ ಬೀಳುತ್ತೇವೆಂದು ರಷ್ಯಾದ ಯಹೂದ್ಯರು ಅಂಜಿದರು. ಮ್ಯೂನಿಕ್ ಗೊತ್ತಾಯಿತು. ರೈಲಿನ ಅನುಕೂಲವಿತ್ತು, ಯಹೂದ್ಯರ ಮಡಿಯೂಟವೂ ಸಿಗುತ್ತಿತ್ತು. ಆದರೆ ಬೇಡವೆಂದವರು ಬೇರೆ ಯಾರೂ ಅಲ್ಲ, ಮ್ಯೂನಿಕ್ಕಿನ ಯಹೂದ್ಯ ಸಮುದಾಯದವರೇ! ಜರ್ಮನಿಗೆ ನಾವು ನಿಷ್ಠರಲ್ಲವೆಂಬ ಮಾತಿಗೆ ಎಡೆಯಾದೀತೆಂದು ಅವರ ಭಯ. ಜರ್ಮನಿಯ ರಬ್ಬಿಗಳ ಸಂಘದ ಮುಖಂಡರೂ ಪತ್ರಿಕೆಗಳಲ್ಲಿ ಪ್ರತಿಭಟಿಸಿದರು. ಹರ್ಜ್ಲ್ ಅವರನ್ನು 'ಪ್ರತಿಭಟನೆಯ ರಬ್ಬಿಗಳು' ಎಂದು ಕರೆದು ಕಟುವಾಗಿ ಬರೆದ. ಆತನ ಸಿಟ್ಟು ನನಗೆ ಅರ್ಥವಾಗುತ್ತದೆ; ಅವರ ಅಂಜಿಕೆಯೂ ಹುಸಿಯೆನ್ನಲಾರೆ.

ಕೊನೆಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್. ಆಗಸ್ಟ್ ಕೊನೆಯಲ್ಲಿ ಅಲ್ಲಿಗೆ ಬಂದಿಳಿದು ನೋಡಿದರೆ, ಗೊತ್ತುಮಾಡಿದ್ದ ಸಭಾಂಗಣದಲ್ಲಿ ಹಾಡುಕುಣಿತದ ಥಳಕಿನ ರಂಗಮಂಚ! ಜಗತ್ತು ನಗುತ್ತದೆಂದು ಹರ್ಜ್ಲ್ ಅದನ್ನು ಬಿಟ್ಟು, 1876ರಲ್ಲಿ ಕಟ್ಟಿದ ಸಂಗೀತ ಸಭಾಂಗಣವಿದ್ದ ಸ್ಟಾಡ್ಟ್‌ಕ್ಯಾಸಿನೊ ಹಿಡಿದ. (ಕ್ಯಾಸಿನೊ ಎಂದೊಡನೆ ಜೂಜಿನಕಟ್ಟೆಯೆಂದು ಹುಬ್ಬೇರಿಸಬೇಡಿ.) ಕಚೇರಿಗೆ ಊರಿನವರು ಕೊಟ್ಟದ್ದು ಖಾಲಿ ಬಿದ್ದಿದ್ದ ದರ್ಜಿಯಂಗಡಿ. ಕುಹಕಿಗಳ ಬಾಯಿಗೆ ಸಿಕ್ಕೀತೆಂದು ಅದರ ನಾಮಫಲಕಕ್ಕೆ ಬಟ್ಟೆ ಮುಚ್ಚಿಸಿದ. ಪ್ರತಿನಿಧಿಗಳು ಕರಿಯ ಉಡುಪು, ಬಿಳಿ ಟೈ ತೊಟ್ಟೇ ಬರಬೇಕೆಂದು ಅಪ್ಪಣೆಯಾಯಿತು. ಗೆಳೆಯ ಮ್ಯಾಕ್ಸ್ ನಾರ್ಡೌ ಸಾದಾ ಕೋಟಿನಲ್ಲಿ ಬಂದಾಗ, ಅಂಗಲಾಚಿ ಬದಲಾಯಿಸಿದನಂತೆ.

ಆಗಸ್ಟ್ 29ರಿಂದ 31ರವರೆಗೆ ಸುಮಾರು 200 ಜನ ಸೇರಿದರು. ಅವರು ಮಾತಾಡಿದ ಪ್ಯಾಲೆಸ್ಟೀನಿನಲ್ಲಿ ಆಗಲೇ ಬಾಳುತ್ತಿದ್ದ ಅರಬರ ಪರವಾಗಿ ಆ ಸಭೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಅದರ ಕತೆ ಬೇರೆ, ಬಹಳ ದೊಡ್ಡದು.

1904ರಲ್ಲಿ ಹರ್ಜ್ಲ್ ತೀರಿಕೊಂಡ. 1946ರವರೆಗಿನ 22 ಕಾಂಗ್ರೆಸ್ಸುಗಳಲ್ಲಿ 10 ಬಾಸೆಲ್ಲಿನಲ್ಲೇ ನಡೆದವು. ಮ್ಯೂನಿಕ್ಕಿನಲ್ಲಿ ಒಂದೂ ಇಲ್ಲ. ನಾವೂ ಮರುವರ್ಷ ಕಲ್ಯಾಣಮಂಟಪದ ಕಡೆ ಸುಳಿಯದೆ ನೇರ ಅಕ್ಕಿಗಿರಣಿಗೆ ಹೋದೆವು. ಮಾಲೀಕರು ಬಾಡಿಗೆ ಬೇಡವೆಂದರು. ಹೋಗುವಾಗ ನೆಲ ಗುಡಿಸಿ ಹೋಗಿ ಎಂದಷ್ಟೇ ಹೇಳಿದರು.