ಕಿವಿಯಿಂದ ಸೊಂಟಕ್ಕೆ

ಸೊಂಟ ಹಿಡಿದವನಿಗೆ ತತ್ತ್ವಜಿಜ್ಞಾಸೆ ಬೇಕಾಗಿಲ್ಲ. ನೆಟ್ಟಗೆ ನಿಲ್ಲುವಂತಾದರೆ ಸಾಕು. ಗುಣಮಾಡಿದ ಕೈಯನ್ನು ಅವನು ನಂಬುತ್ತಾನೆ. ಅದರೊಡನೆ ಆ ಕೈಯವನು ಆಡಿದ ಮಾತನ್ನೂ ನಂಬಿಬಿಡುತ್ತಾನೆ. ಇವೆರಡೂ ಬೇರೆಬೇರೆ ಎಂಬುದಕ್ಕೆ ಅಮೆರಿಕದ ಕೈರೋಪ್ರಾಕ್ಟಿಕ್ ಪದ್ಧತಿಯ ಚರಿತ್ರೆಗಿಂತ ಒಳ್ಳೆಯ ನಿದರ್ಶನ ನನಗೆ ಕಾಣದು. ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಚಿಕಿತ್ಸೆ ಇದು.

ಇದರ ಪ್ರವರ್ತಕ ಡೇನಿಯಲ್ ಡೇವಿಡ್ ಪಾಮರ್ 1845ರಲ್ಲಿ ಕೆನಡಾದಲ್ಲಿ ಹುಟ್ಟಿದವನು. ನಮ್ಮ ಕಿವಿಗೆ ಹೆಸರೇ ಪಾಮರ. ಜೀವಮಾನವಿಡೀ ಅವನು ಹೋರಾಡಿದ್ದು ವೈದ್ಯಪಂಡಿತರೊಡನೆ! ಅಯೋವಾ ಸಂಸ್ಥಾನದ ಡ್ಯಾವನ್‌ಪೋರ್ಟಿನಲ್ಲಿ ಅವನು ಚಿಕಿತ್ಸೆ ನಡೆಸುತ್ತಿದ್ದ ಕಟ್ಟಡವನ್ನು ಹಾರ್ವೆ ಲಿಲ್ಲಾರ್ಡ್ ಎಂಬಾತ ಗುಡಿಸಿ ನೋಡಿಕೊಳ್ಳುತ್ತಿದ್ದ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. 1895ರ ಸೆಪ್ಟೆಂಬರಿನಲ್ಲಿ ಅವನ ಬೆನ್ನಿನ ಮೂಳೆಯೊಂದನ್ನು ಒತ್ತಿ ಸ್ವಸ್ಥಾನಕ್ಕೆ ತಂದುದಾಗಿಯೂ, ಅದರಿಂದ ಶ್ರವಣಶಕ್ತಿ ಮರಳಿದುದಾಗಿಯೂ ಪಾಮರ್ ಹೇಳಿಕೊಂಡ.

ಇಂದು ಬಹುಮಟ್ಟಿಗೆ ಬೆನ್ನುನೋವಿನವರನ್ನೇ ನೆಚ್ಚಿಕೊಂಡಿರುವ ಪದ್ಧತಿಯ ಮೊದಲ ರೋಗಿ ಕಿವುಡ! ಶ್ರವಣದ ನರವಾದರೋ ಕಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ; ಬೆನ್ನೆಲುಬಿನ ದಾರಿ ಹಿಡಿಯುವುದೇ ಇಲ್ಲ. ಆದರೂ ಪಾಮರ್ ಅಂಜಲಿಲ್ಲ. ನೂರಕ್ಕೆ 95 ರೋಗಗಳಿಗೆ ಬೆನ್ನುಮೂಳೆಯ ಪಲ್ಲಟವೇ ಕಾರಣವೆಂದು 1910ರ ತನ್ನ ಗ್ರಂಥದಲ್ಲಿ ಸಾರಿದ.

ಅಷ್ಟರಲ್ಲೇ, 1906ರಲ್ಲಿ, ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು ಅವನು ಸೆರೆಮನೆ ಕಂಡಿದ್ದ. ಅವನು ತೀರಿಕೊಂಡ 1913ರಲ್ಲಿಯೇ ಕ್ಯಾನ್ಸಾಸ್ ಈ ವೃತ್ತಿಗೆ ಮೊದಲ ಬಾರಿ ಕಾನೂನಿನ ಮನ್ನಣೆಯಿತ್ತಿತು. ಕೊನೆಯ ಸಂಸ್ಥಾನವಾದ ಲೂಯಿಸಿಯಾನ ಒಪ್ಪಿದ್ದು 1974ರಲ್ಲಿ. ಈ ನಡುವೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1963ರಲ್ಲಿ ನಕಲಿ ವೈದ್ಯದ ನಿಗ್ರಹಕ್ಕೆಂದು ಸಮಿತಿ ರಚಿಸಿ, ಈ ಚಿಕಿತ್ಸಕರಿಗೆ ಬಹಿಷ್ಕಾರ ಹಾಕಿತು. 1976ರಲ್ಲಿ ಚೆಸ್ಟರ್ ವಿಲ್ಕ್ ಮತ್ತು ಸಂಗಡಿಗರು ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆನ್‌ಡ್ಯಾನರ್ ಆ ಬಹಿಷ್ಕಾರ ಕಾನೂನುಬಾಹಿರವೆಂದು ತೀರ್ಪಿತ್ತರು; 1990ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪದ್ಧತಿ ಶಾಸ್ತ್ರೀಯವೆಂದು ಸಾರಲು ಮಾತ್ರ ನ್ಯಾಯಾಧೀಶೆ ಒಪ್ಪಲಿಲ್ಲ. ಬಾಳುವ ಹಕ್ಕನ್ನು ನ್ಯಾಯಾಲಯ ಕೊಡಬಲ್ಲದು. ಸತ್ಯದ ಮುದ್ರೆಯನ್ನು ಕೊಡಲಾರದು.

ಆ ಮುದ್ರೆಯನ್ನು ಪ್ರಯೋಗಗಳೇ ಕೊಡಬೇಕು. ಅವು ಕೊಟ್ಟದ್ದು ಅಲ್ಪ, ಆದರೆ ಇಲ್ಲವೆನ್ನುವಂತಿಲ್ಲ. ಹೊಸದಾಗಿ ಬಂದ ಸೊಂಟನೋವಿಗೆ, ಔಷಧಕ್ಕೆ ಮೊದಲು ನೋಡಬಹುದಾದ ಉಪಾಯಗಳಲ್ಲಿ ಶಾಖ ಮತ್ತು ಅಂಗಮರ್ದನಗಳ ಜೊತೆಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಯನ್ನೂ ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೆಸರಿಸಿತು. ಇಂಥ ನೋವು ಬಹುಮಂದಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆಂಬುದನ್ನೂ ಅದು ಮರೆಯಲಿಲ್ಲ. ತೊಡೆಸಂದು ಜೋಮುಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ, ಯಾವ ಕೈಚಳಕಕ್ಕೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಪಾಮರನಿಗೂ ಹಿಂದೆ, 1867ರಲ್ಲಿ, ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ನಾಟಿ ಮೂಳೆವೈದ್ಯರು ಗುಣಪಡಿಸುವ ರೋಗಗಳನ್ನು ಕುರಿತು ಉಪನ್ಯಾಸ ಮಾಡಿದ್ದ. ಅವರಲ್ಲಿ ಒಳ್ಳೆಯದಿದ್ದುದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿರಿ ಎಂಬುದು ಅವನ ಸಲಹೆಯ ಸಾರ. ಕಿವುಡನ ಕಥೆಯನ್ನು ಬದಿಗಿಟ್ಟು ಸೊಂಟದ ನೋವನ್ನಷ್ಟೇ ಪರೀಕ್ಷಿಸಿ ನೋಡುವಷ್ಟು ತಾಳ್ಮೆ ಎರಡೂ ಪಕ್ಷಗಳಿಗೆ ಬರಲು ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಕಾಲವೂ ನೋವುಂಡವರು ಮಾತ್ರ ಈ ಜಗಳದ ನಡುವೆ ಸೊಂಟ ಹಿಡಿದುಕೊಂಡೇ ನಿಂತಿದ್ದರು.